ಶೀತಲಗೃಹಕ್ಕೆ ಸಾಲವಿದೆ, ತಂತ್ರಜ್ಞರಿದ್ದಾರೆಯೇ?



2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದನ್ನು ತಾವು ಕಂಡಿದ್ದೀರಿ. ಬೆಲೆ ಕುಸಿದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದುದನ್ನೂ ಕಂಡಿದ್ದೀರಿ. ಇದಕ್ಕೆ ಪರಿಹಾರವೆಂದು ಶೀತಲಗೃಹವನ್ನು ಸೂಚಿಸಲಾಗುತ್ತದೆ. ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಆದರೆ ಕಟ್ಟಡದಷ್ಟೇ ಮುಖ್ಯವಾದುದು ಅದನ್ನು ಅರಿತು ನಡೆಸುವ ಕೈ.

ಯಂತ್ರದ ಅರಿವಷ್ಟೇ ಸಾಲದು

ಕೊಯ್ದ ಹಣ್ಣೂ ಉಸಿರಾಡುತ್ತದೆ. ಟೊಮೆಟೊವನ್ನು ತರಕಾರಿಯೆಂದು ಭಾವಿಸಿ 4 ಡಿಗ್ರಿಯಲ್ಲಿ ಇರಿಸಿದರೆ ಕಾಯಿ ಸರಿಯಾಗಿ ಬಣ್ಣಗಟ್ಟದು, ಹೊರತೆಗೆದ ಬಳಿಕ ಬೇಗನೆ ಕೊಳೆಯುತ್ತದೆ. ಬಲಿತ ಹಸಿರು ಕಾಯಿಗೆ 12ರಿಂದ 15 ಡಿಗ್ರಿ ಸೆಲ್ಸಿಯಸ್ ಸೂಕ್ತ. ಹೀಗಿದ್ದರೂ ಸಿಗುವುದು ಕೆಲವು ವಾರಗಳ ಬಿಡುವಷ್ಟೇ. ಶ್ರೀನಿವಾಸಪುರದ ಮಾವನ್ನು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಕೆ ನಿಷಿದ್ಧ. ನಿಯಂತ್ರಿತ ಕೊಠಡಿಯಲ್ಲಿ 100 ಪಿಪಿಎಂವರೆಗೆ ಎಥಿಲೀನ್ ಅನಿಲಕ್ಕೆ ಅನುಮತಿಯಿದೆ. ಪಾಲಿಹೌಸ್‌ಗಳಲ್ಲಿ ಕೊಳವೆಬಾವಿಯ ಗಡಸು ನೀರಿನ ಲವಣ ಕೂಲಿಂಗ್ ಪ್ಯಾಡಿನಲ್ಲಿ ಕಟ್ಟಿಕೊಂಡರೆ ತಂಪು ಕುಂದುತ್ತದೆ. ಈ ಮೂರೂ ಕಡೆ ಉಷ್ಣತೆ, ತೇವಾಂಶ ಮತ್ತು ಗಾಳಿಯನ್ನು ಹದದಲ್ಲಿರಿಸುವ ವಿದ್ಯೆ ಒಂದೇ.

ವ್ಯಾಸಂಗದ ದಾರಿ

ಎಸ್‌ಎಸ್‌ಎಲ್‌ಸಿ ತೇರ್ಗಡೆಯಾದವರು ಐಟಿಐಗಳಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಹವಾನಿಯಂತ್ರಣ ತಂತ್ರಜ್ಞ ವೃತ್ತಿಯನ್ನು ಕಲಿಯಬಹುದು. ಮುಂದೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯುವ ಅವಕಾಶವೂ ಇದೆ. ಪ್ರವೇಶಕ್ಕೆ ಮೊದಲು ಸಂಸ್ಥೆಯ ಮಾನ್ಯತೆ, ಕಾರ್ಯಾಗಾರ ಹಾಗೂ ಅಪ್ರೆಂಟಿಸ್ ತರಬೇತಿಯ ಏರ್ಪಾಡನ್ನು ಖುದ್ದಾಗಿ ವಿಚಾರಿಸಿ.

ಈ ವೃತ್ತಿಗೆ ಈಗಲೇ ಗಮನ ಕೊಡಲು ಇನ್ನೊಂದು ಕಾರಣವಿದೆ. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, 2032ರಿಂದ ಎಚ್‌ಎಫ್‌ಸಿ ಶೀತಕಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸಬೇಕಿದೆ. ಬದಲಿ ಅನಿಲಗಳಲ್ಲಿ ಪ್ರೊಪೇನ್‌ನಂತಹ ಕೆಲವು ಬೆಂಕಿ ಹಿಡಿಯುವಂಥವು; ಅರೆಬರೆ ಕಲಿತವರಿಗೆ ಅವು ಅಪಾಯಕಾರಿ. 2019ರ ಭಾರತ ಶೀತಲೀಕರಣ ಕ್ರಿಯಾ ಯೋಜನೆಯು ಒಂದು ಲಕ್ಷ ತಂತ್ರಜ್ಞರ ತರಬೇತಿಯ ಗುರಿಯಿಟ್ಟಿದ್ದು ಈ ಹಿನ್ನೆಲೆಯಲ್ಲಿಯೇ.

ಪೋಷಕರಿಗೆ ಸಲಹೆ

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿಯೂ ಈ ವಿದ್ಯೆಗೆ ಬೆಲೆಯಿದೆ. ಆದ್ದರಿಂದ ಕೃಷಿಯೊಂದನ್ನೇ ನಂಬಬೇಕಾಗಿಲ್ಲ. ಆದರೆ ಮುಳಬಾಗಿಲಿನ ರೈತನೊಬ್ಬನ ಶೀತಲ ಕೊಠಡಿ ಕೊಯ್ಲಿನ ನಡುವೆ ಕೆಟ್ಟರೆ, ಬೆಂಗಳೂರಿನಿಂದ ತಂತ್ರಜ್ಞ ಬರುವ ತನಕ ಹಣ್ಣು ಕಾಯುವುದಿಲ್ಲ. ಅಂತಹ ಹೊತ್ತಿಗೆ ಒದಗುವವರು ಊರಿನ ಮಕ್ಕಳೇ. ಐಟಿಐ ಸೇರುವ ವಿದ್ಯಾರ್ಥಿಗಳು ರಜೆಯಲ್ಲಿ ಟಮಕದ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಕಂಡು, ಕೊಯ್ಲೋತ್ತರ ನಿರ್ವಹಣೆಯ ತಿಳಿವಳಿಕೆ ಪಡೆಯುವುದು ಒಳಿತು. ಬೆಳೆಯನ್ನೂ ಯಂತ್ರವನ್ನೂ ಬಲ್ಲವರು ನಮ್ಮ ಜಿಲ್ಲೆಗೆ ಇಂದು ಬೇಕಾಗಿದ್ದಾರೆ.