ಏಳು ಮನೆಯ ಋಣ

ನಮ್ಮ ದೊಡ್ಡಪ್ಪ ವಾರಾನ್ನದ ಹುಡುಗರಾಗಿ ಓದಿದವರು. ಎಂಬತ್ತು ದಾಟಿದ ಮೇಲೂ ಅವರಿಗೆ ವಾರದ ದಿನಗಳು ನೆನಪಾಗುತ್ತಿದ್ದದ್ದು ಊಟದ ಮೂಲಕವೇ. ಸೋಮವಾರ ವಕೀಲರ ಮನೆ, ಅಲ್ಲಿ ಹುಳಿ, ಪಲ್ಯ, ಗಟ್ಟಿ ಮೊಸರು. ಮಂಗಳವಾರ ಒಬ್ಬ ಮುದುಕಮ್ಮನ ಮನೆ, ಅಲ್ಲಿ ಬರೀ ತಿಳಿಸಾರು. ಆದರೆ ಆಕೆ ಪಕ್ಕದಲ್ಲೇ ಕೂತು, ಇನ್ನೊಂದು ಸಲ ಹಾಕಿಸಿಕೋ ಎಂದು ಬಡಿಸುತ್ತಿದ್ದರಂತೆ. “ಏಳೂ ದಿನ ಒಂದೇ ಮನೇಲಿ ಉಂಡಿದ್ರೆ ಆ ಮನೆಯ ನೀರು ಸೇದಿ, ಕೂಸು ಆಡಿಸಿಯೇ ನನ್ನ ವಿದ್ಯೆ ಮುಗೀತಿತ್ತು ಕಣೋ. ಏಳು ಮನೆ ಆದ್ದರಿಂದ ಯಾರೂ ನನ್ನ ಯಜಮಾನರಾಗಲಿಲ್ಲ” ಎನ್ನುತ್ತಿದ್ದರು. ಹಂಚಿಹೋದ ಋಣ ಹಗುರ ಎಂಬುದು ಅವರು ಕಂಡುಕೊಂಡ ಅರ್ಥಶಾಸ್ತ್ರ.

ಅಮೆರಿಕದ ಒಂದು ಬೇಸಿಗೆ ಶಾಲೆಯ ಚರಿತ್ರೆ ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಫಿಲಡೆಲ್ಫಿಯಾ ಬಳಿಯ ಬ್ರಿನ್ ಮಾರ್, ಸಿರಿವಂತರ ಮನೆಯ ಹೆಣ್ಣುಮಕ್ಕಳು ಓದುತ್ತಿದ್ದ ಪ್ರತಿಷ್ಠಿತ ಕಾಲೇಜು. ಕಲ್ಲಿನ ಕಟ್ಟಡ, ಹುಲ್ಲುಹಾಸು, ದೊಡ್ಡ ಗ್ರಂಥಾಲಯ. ಬೇಸಿಗೆ ರಜೆ ಬಂದರೆ ಎಲ್ಲವೂ ಖಾಲಿ. 1921ರ ಬೇಸಿಗೆಯಲ್ಲಿ ಆ ಖಾಲಿ ಕೋಣೆಗಳಿಗೆ ಕಾರ್ಖಾನೆಯ ಕೆಲಸಗಾರ್ತಿಯರು ಬಂದಿಳಿದರು. ಬಟ್ಟೆ ಹೊಲಿಯುವವರು, ಗಿರಣಿಯವರು, ಟೋಪಿ ಮಾಡುವವರು. ಎಂಟು ವಾರ ಅಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ಪಾಠ. ಅರ್ಥಶಾಸ್ತ್ರ, ಸಾಹಿತ್ಯ, ಇಂಗ್ಲಿಷ್ ಬರವಣಿಗೆ ಎಲ್ಲವೂ ಇತ್ತು. ಅಧ್ಯಕ್ಷೆ ಎಂ. ಕೇರಿ ಥಾಮಸ್ ಅವರಿಗೆ ಈ ಯೋಚನೆ ಸಹಾರಾ ಮರುಭೂಮಿಯ ಪ್ರವಾಸದಲ್ಲಿ ಹೊಳೆಯಿತಂತೆ. ಇಂಗ್ಲೆಂಡಿನಲ್ಲಿ 1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಕಟ್ಟಿದ ಕಾರ್ಮಿಕ ಶಿಕ್ಷಣ ಸಂಘದ ಮಾದರಿಯೂ ಅವರ ಕಣ್ಣಮುಂದಿತ್ತು. ಯೋಚನೆಯನ್ನು ನೆಲಕ್ಕಿಳಿಸಿ ನಡೆಸಿದವರು ನಿರ್ದೇಶಕಿ ಹಿಲ್ಡಾ ಸ್ಮಿತ್.

ಯೋಚನೆ ಮರುಭೂಮಿಯಲ್ಲಿ ಹೊಳೆಯಬಹುದು, ದುಡ್ಡು ಅಲ್ಲಿ ಮೊಳೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿಯ ಊಟ, ವಸತಿ, ಪಾಠಕ್ಕೆ ಆರಂಭದಲ್ಲಿ ಬೇಕಾಗುತ್ತಿದ್ದದ್ದು ಸುಮಾರು 200 ಡಾಲರ್. ಅಷ್ಟನ್ನು ಯಾವ ಕೆಲಸಗಾರ್ತಿಯೂ ತನ್ನ ಕೈಯಿಂದ ಕೊಡಲಾರಳು. ಆದ್ದರಿಂದ ಊರೂರಿನಲ್ಲಿ ಸಮಿತಿಗಳಾದವು. ಕಾಲೇಜಿನ ಹಳೆಯ ವಿದ್ಯಾರ್ಥಿನಿಯರು ಒಂದು ಕಡೆ, ಕಾರ್ಮಿಕ ಸಂಘಗಳು ಇನ್ನೊಂದು ಕಡೆ, ಯುವತಿಯರ ಕ್ರೈಸ್ತ ಸಂಘದ ಶಾಖೆಗಳು ಮತ್ತೊಂದು ಕಡೆ ಹಣ ಕೂಡಿಸಿದವು. ಶಾಲೆಯಿಂದ ಮರಳಿದವರೂ ಮುಂದಿನ ವರ್ಷ ಹೋಗುವವಳಿಗಾಗಿ ತಮ್ಮ ಊರಲ್ಲಿ ಹಣ ಕೇಳಲು ನಿಂತರು. ಇದೂ ಒಂದು ಬಗೆಯ ವಾರಾನ್ನವೇ.

ಆದರೆ ವಿದ್ಯಾರ್ಥಿವೇತನದ ಲೆಕ್ಕದಲ್ಲಿ ನಾವು ಸಾಮಾನ್ಯವಾಗಿ ಬರೆಯದೆ ಬಿಡುವ ಒಂದು ಸಾಲಿದೆ. ವಾರಕ್ಕೆ 15 ಡಾಲರ್ ದುಡಿಯುವವಳು ಎಂದಿಟ್ಟುಕೊಳ್ಳಿ. ಎಂಟು ವಾರ ಶಾಲೆಯಲ್ಲಿ ಕೂತರೆ 120 ಡಾಲರ್ ಖೋತಾ. ಇತ್ತ ಅವಳ ಸಂಬಳವನ್ನೇ ಕಾಯುವ ತಾಯಿ, ತಮ್ಮ ತಂಗಿಯರು. ಮರಳಿ ಹೋದಾಗ ಯಂತ್ರದ ಮುಂದೆ ತನ್ನ ಜಾಗ ಉಳಿದಿರುತ್ತದೆಂಬ ಖಾತ್ರಿಯೂ ಇಲ್ಲ. ಹೀಗಾಗಿ ಪುಕ್ಕಟೆ ಶಿಕ್ಷಣ ಎಂಬ ಮಾತು ಕೊಡುವವರ ಕಡೆಯಿಂದ ಮಾತ್ರ ನಿಜ. ಪಡೆಯುವವಳು ತನ್ನ ಪಾಲನ್ನು ಆಗಲೇ ತೆತ್ತಿರುತ್ತಾಳೆ, ಅದಕ್ಕೆ ರಸೀದಿ ಇರುವುದಿಲ್ಲ.

ಹಾಗೆ ತೆತ್ತು ಬಂದವರು ಕೈಕಟ್ಟಿ ಕೂರಲಿಲ್ಲ. ಮೊದಲ ಬೇಸಿಗೆಯಲ್ಲೇ ಅವರ ಕಣ್ಣು ಬಿದ್ದದ್ದು ಪುಸ್ತಕಗಳ ಮೇಲಷ್ಟೇ ಅಲ್ಲ, ತಮ್ಮ ಕೋಣೆ ಗುಡಿಸಲು ಬರುತ್ತಿದ್ದ ಹೆಂಗಸರ ಮೇಲೂ. ಇವರ ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ವಿಚಾರಿಸಿದರು. ಇವರಿಗೂ ಎಂಟು ಗಂಟೆಯ ದಿನ ಬೇಕು ಎಂದು ಕಾಲೇಜನ್ನೇ ಕೇಳಿದರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುವ ಗಾದೆ ನಮ್ಮದು. ಇವರು ಎಣಿಸಿದ್ದು ಜಂತೆಯನ್ನಲ್ಲ, ಅಡುಗೆಮನೆಯ ಹೊಗೆಯಲ್ಲಿ ಕೂತವರನ್ನು. ಬಹುಬೇಗ ಶಾಲೆಯ ಆಡಳಿತ ಸಮಿತಿಯಲ್ಲೂ ಕಾಲೇಜಿನವರಷ್ಟೇ ಸ್ಥಾನ ಕೆಲಸಗಾರ್ತಿಯರಿಗೆ ಸಿಕ್ಕಿತು. ಕಪ್ಪು ಮಹಿಳೆಯರಿಗೆ ಬಾಗಿಲು ತೆರೆಯಲು ಮಾತ್ರ 1926ರವರೆಗೆ ಕಾಯಬೇಕಾಯಿತು.

ದಾನಿಗಳು ಹತ್ತು ಜನರಿದ್ದಾಗ ವಿದ್ಯಾರ್ಥಿಗೆ ನಾಲಿಗೆ ಇರುತ್ತದೆ. ಆದರೆ ಈ ಶಾಲೆಗೆ ಒಂದು ವಿಷಯದಲ್ಲಿ ಮಾತ್ರ ಒಂದೇ ಮನೆ. ಊಟದ ದುಡ್ಡು ಊರೂರಿನಿಂದ ಬರುತ್ತಿತ್ತು, ನೆರಳು ಕಾಲೇಜಿನದು. 1934ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಸೀಬ್ರೂಕ್ ತೋಟದಲ್ಲಿ ಮುಷ್ಕರ ನಡೆಯಿತು. ಶಾಲೆಯ ಅಧ್ಯಾಪಕರು ಅಲ್ಲಿಗೆ ಹೋಗಿದ್ದರೆಂಬ ವಿಚಾರ ದೊಡ್ಡ ರಂಪವಾಯಿತು. ಕಾಲೇಜಿನ ಹಿರಿಯರು ಮುನಿದರು. 1935ರಲ್ಲಿ ಶಾಲೆ ಬೇರೆ ಜಾಗ ಹುಡುಕಿಕೊಳ್ಳಬೇಕಾಯಿತು. ಮತ್ತೆ ಮರಳಿದರೂ ಹಳೆಯ ನಂಟು ಕೂಡಿಬರಲಿಲ್ಲ. 1938ರ ಬೇಸಿಗೆಯೇ ಕೊನೆ. ಮರುವರ್ಷ ಹಡ್ಸನ್ ನದಿಯ ದಂಡೆಯಲ್ಲಿದ್ದ ಹಿಲ್ಡಾ ಸ್ಮಿತ್ ಅವರ ಮನೆಯಲ್ಲೇ ಬೇರೆ ಹೆಸರಿನಿಂದ ಪಾಠ ಮುಂದುವರಿಯಿತು. ಅಷ್ಟರಲ್ಲಿ 1,600ಕ್ಕೂ ಹೆಚ್ಚು ಹೆಂಗಸರು ಆ ಕಲ್ಲಿನ ಕಟ್ಟಡಗಳಲ್ಲಿ ಓದಿ ಹೋಗಿದ್ದರು.

ನಮ್ಮ ವಾರಾನ್ನವನ್ನು ಇದರ ಪಕ್ಕದಲ್ಲಿಟ್ಟು ಬೀಗಬೇಕಿಲ್ಲ. ದೊಡ್ಡಪ್ಪನಿಗೆ ತೆರೆದ ಏಳು ಬಾಗಿಲುಗಳು ಜಾತಿ ನೋಡಿ ತೆರೆದವು, ಅದೂ ಗಂಡುಹುಡುಗರಿಗೆ ಮಾತ್ರ. ಉಳಿದವರಿಗಾಗಿ ಬೇರೆಯವರೇ ಜೋಳಿಗೆ ಹಿಡಿಯಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ ಶಾಲೆ, ವಸತಿ ನಡೆಸಿದರು. ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕಿಷ್ಟು ಎಂದು ಪುಡಿಗಾಸು ಕೈಗೆ ಹಾಕುತ್ತಿದ್ದರೆಂದು ಹೇಳುತ್ತಾರೆ. ಓದಲು ಬಂದರೆ ಮನೆಯ ಕೂಲಿ ತಪ್ಪುತ್ತದೆ ಎಂಬ ಆ ಬರೆಯದ ಸಾಲು ಅವರ ಕಣ್ಣಿಗೆ ಬಿದ್ದಿತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಹಳ್ಳಿಹಳ್ಳಿ ತಿರುಗಿ ಭಕ್ತರಿಂದ ರಾಗಿ, ಭತ್ತ ಕೂಡಿಸಿ ಮಕ್ಕಳಿಗೆ ಉಣಿಸಿದರು. ಒಂದು ಸೇರು ರಾಗಿ ಕೊಟ್ಟ ರೈತ, ಆ ರಾಗಿ ಯಾವ ಮಗುವಿನ ಎಲೆಗೆ ಬಿತ್ತೆಂದು ಕೇಳುವಂತಿರಲಿಲ್ಲ. ಉಂಡ ಮಗುವೂ ಯಾರಿಗೆಂದು ತಲೆಬಾಗಬೇಕಿರಲಿಲ್ಲ. ಊರಿಗೆ ಊರೇ ಅದಕ್ಕೆ ಸಾಲಗಾರ, ಊರಿಗೆ ಊರೇ ನೆಂಟ.

ಈಗ ಪೀಣ್ಯದ ಗಾರ್ಮೆಂಟ್ಸಿನ ಹುಡುಗಿಯನ್ನು ನೆನೆಯಿರಿ. ಅವಳಿಗೂ ಒಂದು ಬೇಸಿಗೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಓದುವ ಆಸೆ ಇರಬಹುದು. ನಮ್ಮ ವಿಶ್ವವಿದ್ಯಾಲಯಗಳ ಹಾಸ್ಟೆಲುಗಳೂ ರಜೆಯಲ್ಲಿ ಖಾಲಿ ಬೀಳುತ್ತವೆ. ಶುಲ್ಕ ಮನ್ನಾ ಮಾಡಿದ್ದೇವೆ ಎಂದು ಪ್ರಕಟಣೆ ಹೊರಡಿಸಿದರೆ ಅವಳು ಬರುವುದಿಲ್ಲ. ಅವಳ ತಿಂಗಳ ಸಂಬಳ, ಊರಿಗೆ ಕಳಿಸುವ ದುಡ್ಡು, ಚೀಟಿಯ ಕಂತು, ಕೂಸಿದ್ದರೆ ಅದನ್ನು ನೋಡಿಕೊಳ್ಳುವವರು, ಮರಳಿದಾಗ ಅದೇ ಮಷಿನ್ನು, ಇವಿಷ್ಟೂ ಆ ಲೆಕ್ಕದಲ್ಲಿ ಬರೆದಿರಬೇಕು. ಇಡೀ ಖರ್ಚು ಹೊರುವ ಒಬ್ಬ ದೊಡ್ಡ ದಾನಿ ಸಿಕ್ಕರೆ ಸಮಿತಿಗೆ ಸುಲಭ. ವೇದಿಕೆಯ ಹಿಂದೆ ಅವರ ಫೋಟೋ ತೂಗಿದರಾಯಿತು. ಆದರೆ ಆ ಹುಡುಗಿ ಮುಂದೆ ಅವರ ಕಾರ್ಖಾನೆಯ ಬಗ್ಗೆ ಒಂದು ಮಾತಾಡಲು ಹಿಂಜರಿದಳೆಂದರೆ, ನಾವು ಕೊಟ್ಟದ್ದು ವಿದ್ಯೆಯಲ್ಲ.

ಯಾರಾದರೂ ಇಂಥ ಕೆಲಸಕ್ಕೆ ರಸೀದಿ ಪುಸ್ತಕ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಎರಡು ಪ್ರಶ್ನೆ ಕೇಳಿ: ಅವಳ ಕೂಲಿಯ ಲೆಕ್ಕ ಇದರಲ್ಲಿ ಸೇರಿದೆಯೇ? ಕೊಡುವವರು ಎಷ್ಟು ಜನ? ಉತ್ತರ ಸರಿಯಿದ್ದರೆ ನೂರು ರೂಪಾಯಿ ಕೊಡಿ. ಹೆಚ್ಚು ಕೊಡುವ ಶಕ್ತಿಯಿದ್ದರೆ, ಪಕ್ಕದ ಮನೆಯವರಿಂದಲೂ ನೂರು ಕೊಡಿಸಿ.