ಆಧಾರ್ ಪ್ರತಿ ಕಂಡಕಂಡಲ್ಲಿ ಬೀಳದಿರಲಿ



ಬೆಳೆವಿಮೆ, ಸ್ಕಾಲರ್‌ಶಿಪ್ ಅರ್ಜಿಗಳ ಗಡುವು ಹತ್ತಿರ ಬಂದರೆ ನಮ್ಮೂರ ಝೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೊಟ್ಟಗೆ ಬಂದ ಆಧಾರ್ ಪ್ರತಿಗಳು ಮೇಜಿನ ಕೆಳಗಿನ ರಟ್ಟಿನ ಡಬ್ಬಿಗೆ ಬೀಳುತ್ತವೆ. ಫೋಟೊ, ವಿಳಾಸ, ಹನ್ನೆರಡೂ ಅಂಕಿ ಅವುಗಳಲ್ಲಿ ಸ್ಪಷ್ಟವಾಗಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಾಸ್‌ಬುಕ್ಕಿನ ಚಿತ್ರ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅಳಿಸಿ ಎಂದು ನಾವೂ ಕೇಳುವುದಿಲ್ಲ.

‘ಬಡವರಿಗೆ ಎಂಥ ಗುಟ್ಟು?’ ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಕನ್ನಡಿಗರೊಬ್ಬರು ದೇಶಕ್ಕೆ ಗಳಿಸಿಕೊಟ್ಟ ಹಕ್ಕಿದು. ನಮ್ಮೂರ ಮಗ್ಗದ ಮನೆಯ ತಾಯಿಗೂ ಸೇರಿದ್ದು.

ಗುಟ್ಟು ಬಯಲಾದರೆ ಹಣಕ್ಕೂ ಕುತ್ತು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಿಕ್ಕರೆ ಓಟಿಪಿ ಇಲ್ಲದೆಯೇ ಖಾತೆಯ ಹಣ ತೆಗೆಯಬಹುದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಹಣ ದೋಚಿದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದವು. ಇದನ್ನು ತಡೆಯಲು ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಉಚಿತವಾಗಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೂಡ ಡೌನ್‌ಲೋಡ್‌ಗೆ ಸಿಗುತ್ತದೆ. ಇವೆರಡನ್ನೂ ಹಿರಿಯರಿಗೆ ಮಾಡಿಕೊಡುವ ಶಿಬಿರವನ್ನು ಪುರಸಭೆಯವರು ಸಂತೆಯ ದಿನ ನಡೆಸಲಿ. ಝೆರಾಕ್ಸ್ ಅಂಗಡಿಯವರು ಕೆಟ್ಟ ಪ್ರತಿಯನ್ನು ಗಿರಾಕಿಯ ಎದುರೇ ಹರಿಯಲಿ, ಫೈಲನ್ನೂ ಆಗಲೇ ಅಳಿಸಲಿ.

– ಓರ್ವ ಓದುಗ, ಮಹಾಲಿಂಗಪುರ