ಒಬ್ಬರಿಗೆ 26 ಸೆನ್ಸರೋ, 26 ಮಂದಿಗೆ ಒಂದೊಂದೋ?

ಗ್ಲುಕೋಮೀಟರ್ ಮತ್ತು ಅದರ ಸ್ಟ್ರಿಪ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಇನ್ನು ಶುಗರ್ ಅಳೆಯಲು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಕೂಡ ಅಗ್ಗವಾದರೆ ಹಳ್ಳಿಯ ಮಧುಮೇಹಿಗಳ ಕಷ್ಟ ತೀರಿತು ಎನ್ನುವವರಿದ್ದಾರೆ. ತೀರುವುದಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದಲ್ಲಿ ಬರೀ ಮಾತ್ರೆ ನುಂಗುವ ಮಧುಮೇಹಿಗೆ ವರ್ಷವಿಡೀ ಸೆನ್ಸರ್ ಬೇಕಿಲ್ಲ. ವರ್ಷಕ್ಕೊಮ್ಮೆ ಎರಡು ವಾರ ಸಾಕು. ಅದನ್ನು ಕೊಡಬೇಕಾದದ್ದು ಸರ್ಕಾರಿ ಆಸ್ಪತ್ರೆ, ಔಷಧಿ ಅಂಗಡಿಯಲ್ಲ.

ಯಾರೂ ಎತ್ತದ ಸಂಖ್ಯೆ 26. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆನ್ಸರ್‌ ಬಾಳಿಕೆ 14 ದಿನ; ವರ್ಷಕ್ಕೆ 26 ಬೇಕು. ಒಂದಕ್ಕೆ ನಾಲ್ಕು ಸಾವಿರ ಹಿಡಿದರೂ 1,04,000 ರೂಪಾಯಿ. 2025–26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ನೂರು ದಿನ ಮಣ್ಣು ಹೊತ್ತರೆ 37,000. ತೆರಿಗೆಯನ್ನು ಸೊನ್ನೆ ಮಾಡಿದರೂ ಈ ಕಂದಕ ತುಂಬದು.

ಅದೇ 26 ಸೆನ್ಸರ್‌ಗಳನ್ನು 26 ಮಂದಿಗೆ ಒಂದೊಂದು ಹಚ್ಚಿ ನೋಡಿ. ಇದೇನು ಹೊಸ ಕನಸಲ್ಲ. ‘ಲಿಬ್ರೆ ಪ್ರೊ’ ಎಂಬ ಸೆನ್ಸರ್ ಭಾರತಕ್ಕೆ ಬಂದದ್ದು 2015ರಲ್ಲಿ. ಓದುವ ಯಂತ್ರ ವೈದ್ಯರ ಬಳಿಯೇ ಇರುತ್ತದೆ, ಒಂದೇ ಯಂತ್ರ ಹಲವು ರೋಗಿಗಳಿಗೆ ಸಾಕು. ರೋಗಿಗೆ ಸ್ಮಾರ್ಟ್‌ಫೋನ್ ಬೇಡ, ಆ್ಯಪ್ ಬೇಡ. ತೋಳಿನ ಬಿಲ್ಲೆ 15 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಸಲ, ಶುಗರ್ ದಾಖಲಿಸುತ್ತಾ ಹೋಗುತ್ತದೆ. ಹದಿನಾಲ್ಕನೇ ದಿನ ಬಂದು ತೋಳು ತೋರಿಸಿದರಾಯಿತು. ಹಳ್ಳಿಯವರಿಗೆ ಮೊಬೈಲ್ ಬರುವುದಿಲ್ಲ ಎಂಬ ಹಳೇ ರಾಗ ಹತ್ತು ವರ್ಷದ ಹಿಂದೆಯೇ ಮುಗಿಯಬೇಕಿತ್ತು.

ಈ ಎರಡು ವಾರ ಏಕೆ ಮುಖ್ಯ? ಎಚ್‌ಬಿಎ1ಸಿ ರಕ್ತಪರೀಕ್ಷೆ ಮೂರು ತಿಂಗಳ ಶುಗರ್ ಸರಾಸರಿಯನ್ನಷ್ಟೇ ಹೇಳುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ, ಬುತ್ತಿ ಬಿಚ್ಚುವುದು ತಡವಾಗಿ, ದ್ರಾಕ್ಷಿ ತೋಟದಲ್ಲಿ ಮಧ್ಯಾಹ್ನ ಕೈಕಾಲು ನಡುಗಿದವರ ಶುಗರ್ ರಾತ್ರಿ ಮುನ್ನೂರಕ್ಕೆ ಏರಿದರೂ ಸರಾಸರಿ ಚೆನ್ನಾಗಿಯೇ ಕಾಣಬಹುದು. ‘ಬಿಸಿಲಿಗೆ ಚಕ್ಕರ್ ಬಂತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ವೈದ್ಯರು ಮಾತ್ರೆಯ ಹೊತ್ತು ಬದಲಿಸಲು ಬೇಕಾದದ್ದು ಸೆನ್ಸರ್ ತೋರಿಸುವ ಆ ಮಧ್ಯಾಹ್ನದ ಶುಗರ್ ಗೆರೆ. (ಇಲ್ಲಿ ಏಪ್ರಿಲ್, ಮೇ ಬಿಟ್ಟು ಹಚ್ಚುವುದು ಲೇಸು; ಬೆವರಿಗೆ ಅಂಟು ನಿಲ್ಲುವುದಿಲ್ಲ.)

ಸದಾ ಧರಿಸಿದರೆ ಲಾಭ ಹೆಚ್ಚು ಎಂಬುದಕ್ಕೆ ಅಮೆರಿಕದ 2021ರ ‘ಮೊಬೈಲ್’ ಅಧ್ಯಯನವನ್ನು ಮುಂದಿಡುತ್ತಾರೆ. ದಿನಕ್ಕೆ ಒಂದೆರಡು ಸಲ ಇನ್ಸುಲಿನ್ ಪಡೆಯುವವರಲ್ಲಿ ಎಂಟು ತಿಂಗಳಿಗೆ ಎಚ್‌ಬಿಎ1ಸಿ ಸೆನ್ಸರ್ ಗುಂಪಿನಲ್ಲಿ 8.0ಕ್ಕೆ, ಬೆರಳು ಚುಚ್ಚಿದವರಲ್ಲಿ 8.4ಕ್ಕೆ ಇಳಿಯಿತು. ಲಾಭ ನಿಜ. ಆದರೆ ಸ್ಟ್ರಿಪ್ ಗುಂಪೂ 9.0ರಿಂದ ಇಳಿದಿತ್ತಲ್ಲ, ಅದನ್ನೇಕೆ ಯಾರೂ ಹೇಳುವುದಿಲ್ಲ?

ಟೈಪ್ 1 ಮಧುಮೇಹದ ಮಕ್ಕಳ ಮಾತು ಬೇರೆ. ಅವರಿಗೆ 26ಕ್ಕೆ 26 ಬೇಕು, ಸರ್ಕಾರವೇ ಕೊಳ್ಳಬೇಕು. ಇಂಗ್ಲೆಂಡ್ 2022ರಲ್ಲೇ ಟೈಪ್ 1 ಇರುವ ಎಲ್ಲರಿಗೂ ಸೆನ್ಸರ್ ಶಿಫಾರಸು ಮಾಡಿದೆ. ಇನ್ನು ಸೆನ್ಸರ್ ಬದಲಿಗೆ ಚುಚ್ಚದೆ ಶುಗರ್ ಹೇಳುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಆ ಚರ್ಚೆ ಅಲ್ಲಿಗೆ ಸಾಕು.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ ಈಗ ಮನೆ ಮನೆಗೆ ಹೋಗಿ ಮಧುಮೇಹ ಪತ್ತೆ ಹಚ್ಚುತ್ತಿದೆ, ಮಾತ್ರೆ ಕೊಡುತ್ತಿದೆ. ಕೊಟ್ಟ ಮಾತ್ರೆ ಏನು ಮಾಡಿತೆಂದು ನೋಡುವ ಕೆಲಸ ಬಾಕಿ ಇದೆ. ತಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು ಓದುವ ಯಂತ್ರ, ಗೆರೆ ಓದಬಲ್ಲ ವೈದ್ಯರು ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ. ಆರೋಗ್ಯ ಇಲಾಖೆ ಮುಂದಿನ ಬಜೆಟ್‌ನಲ್ಲಿ ಇಷ್ಟಕ್ಕೆ ಹಣ ತೆಗೆದಿಡಲಿ.